ಆ ಥಾನಿನದ್ದಲ್ಲ

ಚೌಕಿಪೇಟೆಯ ನನ್ನ ಮ್ಯಾಚಿಂಗ್ ಸೆಂಟರಿನಲ್ಲಿ
ಕಿತ್ತಳೆಯೊಂದೇ ಹದಿನೇಳು ಥಾನು.
ಅರಿಶಿನಕ್ಕೆ ಹತ್ತಿರದ್ದು, ಇಟ್ಟಿಗೆಗೆ ಹತ್ತಿರದ್ದು,
ಜೇನಿನದ್ದು, ಕನಕಾಂಬರದ್ದು,
ಹೆಸರೇ ಇಲ್ಲದವು ಒಂದೆರಡು.
ಸೀರೆ ತಂದವರು ಕೌಂಟರಿನ ಮೇಲೆ ಸೆರಗು ಹಾಸಿ
"ಇದೇ ಅಲ್ಲೇನ್ರಿ ಅಕ್ಕಾ" ಅಂದರೆ
ಟ್ಯೂಬ್‌ಲೈಟಿನ ಮಾತು ನಂಬಬೇಡಿ ಅನ್ನುತ್ತೇನೆ,
ಹೊರಗೆ ಬಿಸಿಲಿಗೆ ಹಿಡಿಯಿರಿ.
ಇಪ್ಪತ್ತೆರಡು ವರ್ಷ. ವಾಪಸು ಬಂದದ್ದು ಒಂದೇ ಪೀಸು,
ಅದೂ ಬಣ್ಣಕ್ಕಲ್ಲ, ಸಂಬಂಧ ಮುರಿದು.

ಅಂಗಡಿಗೆ ರಜೆ ಇದ್ದ ದಿನ ಅಕ್ಕನ ಮಗಳು ಶಾಂಭವಿ
ಕಾಲೇಜಿನ ಚಿಟ್ಟೆ ಲೆಕ್ಕ ಇದೆ ಬಾ ಅಂತ
ಕೊಂಡಜ್ಜಿ ಗುಡ್ಡಕ್ಕೆ ಎಳೆದೊಯ್ದಳು.
ಕೆರೆ ಏರಿ ದಾಟಿದರೆ ಎಕ್ಕದ ಪೊದೆ.
ಅದರ ಸುತ್ತ ಕಿತ್ತಳೆ, ತೂಗಿ ತೂಗಿ,
ಯಾರ ಸಾಲವೂ ಇಲ್ಲದವರ ನಡಿಗೆಯಂಥ ಹಾರಾಟ.
"ಪ್ಲೇನ್ ಟೈಗರ್" ಅಂದಳು.
ಪ್ಲೇನ್? ನಮ್ಮಲ್ಲಿ ಪ್ಲೇನ್ ಅಂದರೆ ಪ್ಲೇನ್.
ಇದಕ್ಕೆ ಕರಿ ಬಾರ್ಡರ್ ಇದೆ, ಬಾರ್ಡರಿಗೆ ಬಿಳಿ ಬುಟ್ಟಾ ಇದೆ,
ಮೂಲೆಯಲ್ಲಿ ಬೇರೆಯೇ ಪಟ್ಟಿ.
ಇಂದುಧರ ಸರ್ ನಕ್ಕು ಹಾಳೆಯಲ್ಲಿ ಗೀಟು ಎಳೆದರು,
ಒಂದು, ಎರಡು, ಐದು.

ಆರನೆಯದು ಎಕ್ಕದ ಕಡೆ ಹೋಗಲಿಲ್ಲ.
ನೆಲದಲ್ಲಿ ಹಬ್ಬಿದ ಗೋಣಿ ಸೊಪ್ಪಿಗೆ
ಇಳಿದು, ಎದ್ದು, ಎಲೆಯಡಿಗೆ ಹೊಟ್ಟೆ ಬಾಗಿಸಿ
ಮತ್ತೆ ಎದ್ದಿತು.
ಸರ್ ಆರನೇ ಗೀಟು ಎಳೆದರು.
ನನ್ನ ಕೈ, ಅದು ಕೌಂಟರಿನ ಕೈ, ತಾನಾಗಿ ಮುಂದೆ ಹೋಯಿತು:
"ತಡೀರಿ ಸರ್. ಇದು ಆ ಥಾನಿನದ್ದಲ್ಲ."

ಹೇಗೆ ಹೇಳುತ್ತೀರಿ ಅಂದರು.
ಬಣ್ಣ ಅದೇ. ಅಳತೆಯೂ ಹೆಚ್ಚುಕಡಿಮೆ ಅದೇ.
ಅಂಚು ಮಾತ್ರ, ಪಿಕೋ ಹಾಕುವಾಗ
ಹುಡುಗಿ ಒಂದು ಗಳಿಗೆ ಕಿಟಕಿ ನೋಡಿದ ಹಾಗೆ.
ಮತ್ತೆ ಆ ಗಡಿಬಿಡಿ:
ಬೇರೆಯವರ ಒಡವೆ ಹಾಕಿಕೊಂಡು ಮದುವೆಗೆ ಬಂದವರು
ಪದೇ ಪದೇ ಕೊರಳು ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ.

ಶಾಂಭವಿ ಫೋಟೋ ಹಿಗ್ಗಿಸಿದಳು.
ಹಿಂದಿನ ರೆಕ್ಕೆಯ ನಡುವೆ ಹುಲಿಗೆ ಮೂರು ಕರಿ ಚುಕ್ಕೆ,
ಗಂಡಾದರೆ ಇನ್ನೊಂದು ಜಾಸ್ತಿ.
ಇದಕ್ಕೆ ಒಂದೇ, ಮೇಲಂಚಿಗೆ,
ದೃಷ್ಟಿ ಬೊಟ್ಟಿನ ಹಾಗೆ.
ಎಗ್‌ಫ್ಲೈ, ಅಂದರು ಸರ್. ಹೆಣ್ಣು.
ಹುಲಿ ಹುಳುವಾಗಿದ್ದಾಗ ಎಕ್ಕ ತಿಂದು ಮೈಯೆಲ್ಲ ಕಹಿ;
ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಕಾರಿಕೊಂಡು
ಆಮೇಲೆ ಆ ಬಣ್ಣದ ತಂಟೆಗೇ ಹೋಗುವುದಿಲ್ಲ.
ಇದು ತಿಂದದ್ದು ಸೊಪ್ಪು,
ನಾವು ಬೇಳೆಗೆ ಹಾಕುವ ಸೊಪ್ಪು.
ಒಳಗೆ ಕಹಿಯಿಲ್ಲ. ಹೊರಗೆ ಹುಲಿಯ ಸೀರೆ.

ಗಂಡು? ಕೇಳಿದೆ.
ಬಂಡೆಯ ಮೇಲೆ ತೋರಿಸಿದರು:
ಅಪ್ಪಟ ಕಪ್ಪು, ರೆಕ್ಕೆಗೆ ರೆಕ್ಕೆಗೆ ಬಿಳಿ ಚಂದ್ರ,
ಚಂದ್ರನ ಸುತ್ತ ನೇರಳೆ ಮಿಂಚು.
ಯಾರ ಹಾಗೂ ಇಲ್ಲ. ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದೆ.
ಅವನಿಗೆ ಬೇಡವೇ ವೇಷ?
ಸರ್ ಏನೋ ಹೇಳುತ್ತಿದ್ದರು,
ಮೊಟ್ಟೆಯ ಭಾರ, ಎಲೆಎಲೆಗೂ ಇಳಿಯಬೇಕಾದ ಕೆಲಸ.

ನನಗೆ ನರ್ಸ್ ಕೊಟ್ರಮ್ಮ ನೆನಪಾದಳು.
ರಾತ್ರಿ ಪಾಳಿಗೆ ಹೋಗುವ ಮುಂಚೆ ಅಂಗಡಿಗೆ ಬಂದು
ಫಾಲ್ ಹಚ್ಚಿದ ಸೀರೆ ಒಯ್ಯುವವಳು.
ಕೊರಳಲ್ಲಿ ಕರಿಮಣಿ, ಕಾಲಲ್ಲಿ ಕಾಲುಂಗುರ,
"ನಮ್ಮ ಮನೆಯವರು" ಅಂತ ಮಾತಿಗೊಮ್ಮೆ.
ಮನೆಯವರು ಯಾರೂ ಇಲ್ಲ ಅಂತ
ಮೊದಲ ದಿನವೇ ಗೊತ್ತಾಗಿತ್ತು ನನಗೆ.
ಕರಿಮಣಿಗೆ ಎಣ್ಣೆಯ ಜಿಡ್ಡೇ ಇರಲಿಲ್ಲ,
ಉಂಗುರದ ಕೆಳಗೆ ಬೆರಳು ಸವೆದಿರಲಿಲ್ಲ.
ಬಿಸಿಲಿಗೆ ಹಿಡಿಯಿರಿ ಅನ್ನಲಿಲ್ಲ ಅವತ್ತು.
ಚಿಲ್ಲರೆ ಎಣಿಸಿ ಕೊಟ್ಟು
ಯಜಮಾನರು ಹೇಗಿದ್ದಾರೆ ಅಂದೆ,
ಪಕ್ಕದಲ್ಲಿದ್ದವರಿಗೆ ಕೇಳುವ ಹಾಗೆ.

ಸರ್ ಆರನೇ ಗೀಟು ಅಳಿಸಿ
ಕೆಳಗೆ ಬೇರೆ ಸಾಲು ಮಾಡಿದರು.
"ಎಗ್‌ಫ್ಲೈ, ಹೆಣ್ಣು, ಒಂದು!"
ಖುಷಿಗೆ ಜೋರಾಗಿ ಓದಿದರು.
ತಂತಿಯ ಮೇಲೆ ಕಾಜಾಣ ಕೂತಿತ್ತು, ಬಾಲ ಕತ್ತರಿಯ ಹಾಗೆ.
ಮೆಲ್ಲಗೆ ಸರ್, ಅಂದೆ.